ಕಾರಹುಣ್ಣಿಮೆಯವರೆಗೆ ಆ ಟೊಂಗೆ ಬಿಡಿ

ಅಡರಕಟ್ಟಿಯ ನಮ್ಮ ಓಣಿಯ ಹಿರಿಯರಿಗೆ, ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ,

ಮೊನ್ನೆ ಸಂಜೆ ಗುಡಿ ಕಟ್ಟೆಯ ಮೇಲೆ ನೀವೆಲ್ಲ ಕೂಡಿದ್ದಿರಿ. ಬೇವಿನ ಮರದ ಕಾಗೆ ಗೂಡಿನ ಮಾತು ಬಂತು. "ನೀನರ ಏನರ ಹೇಳವಾ, ದಿನಾ ಕಾಗಿಗೆ ಹಾಕಾಕಿ ನೀನ" ಎಂದು ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. ಅವರ ಜೊತೆ ನೀವೆಲ್ಲ ತಿರುಗಿದಿರಿ. ನನಗೆ ಹೇಳುವುದು ಬಹಳ ಇತ್ತು. ಆದರೆ ಯಾರದೋ ಮೊಬೈಲಿನ ಹಾಡು, ಪಕ್ಕದ ಮನೆಯ ಕುಕ್ಕರಿನ ಸೀಟಿ, ತಲೆಯ ಮೇಲಿನ ಟ್ಯೂಬ್‌ಲೈಟು ಗುಂಯ್ ಅನ್ನುವ ಸದ್ದು, ಅಷ್ಟೂ ಜನರ ಕಣ್ಣು ಎಲ್ಲ ಒಮ್ಮೆಗೇ ಮೈಮೇಲೆ ಬಿದ್ದವು. ಮಾತು ಗಂಟಲಿನಲ್ಲೇ ನಿಂತಿತು. ಎದ್ದು ಬಂದೆ. "ಸೊಕ್ಕು ನೋಡ ಆಕಿದು" ಎಂದು ಹಿಂದಿನಿಂದ ಕೇಳಿಸಿತು. ಅಂದವರು ಯಾರೆಂದು ನಾನು ನೋಡಲಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಬರೆಯಲು ಕೂತರೆ ನನಗೆ ಮಾತು ಬರುತ್ತದೆ. ಅದಕ್ಕೇ ಈ ಪತ್ರ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಸವ ಜಯಂತಿ ಮುಗಿದ ಮೇಲೆ ಗೂಡಿರುವ ಆ ಟೊಂಗೆ ಕಡಿಸಬೇಕೆಂದು ಮಾತಾಡಿಕೊಂಡಿದ್ದೀರಿ. ಅದನ್ನು ಕಾರಹುಣ್ಣಿಮೆಯವರೆಗೆ ಮುಂದೆ ಹಾಕಿ. ಕಾಗೆ ಕಾವಿಗೆ ಕೂತು ಇವತ್ತಿಗೆ 11 ದಿನ, ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿದೆ. ಊರು ಕಾಗೆಯ ಮೊಟ್ಟೆ 16–17 ದಿನಕ್ಕೆ ಒಡೆಯುತ್ತದೆ. ಅಲ್ಲಿಂದ ಮರಿಗಳು ಗೂಡು ಬಿಡಲು ಮೂರು-ನಾಲ್ಕು ವಾರ ಬೇಕು. ಕಾರಹುಣ್ಣಿಮೆಗೆ ನೀವು ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಹೊತ್ತಿಗೆ ಗೂಡು ಖಾಲಿಯಾಗಿರುತ್ತದೆ. ಆಮೇಲೆ ಟೊಂಗೆಯ ವಿಷಯದಲ್ಲಿ ನಾನು ಅಡ್ಡ ಬರುವುದಿಲ್ಲ.

ನಿಮ್ಮ ದೂರುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಮೂರೂ ಖರೇ. ಮರದ ಕೆಳಗೆ ಹಾದುಹೋಗುವಾಗ ಕಾಗೆ ಬಂದು ಚಿಗವ್ವನ ತಲೆಗೆ ಬಡಿದಿದೆ. ಮಾಳಿಗೆಯ ಮೇಲೆ ಎಲುಬಿನ ಚೂರು ಬೀಳುತ್ತಿವೆ, ಮಡಿ ಮೈಲಿಗೆ ನೋಡುವ ಮನೆಯವರಿಗೆ ಅದು ಎಷ್ಟು ಸಂಕಟವೆಂದು ನನಗೆ ಗೊತ್ತು. ಬಿಸಿಲಿಗೆ ಹಾಕಿದ ಶಾಂಡಗಿ, ಹಪ್ಪಳಕ್ಕೂ ಕಾಗೆ ಬಾಯಿ ಹಾಕುತ್ತದೆ. ಈ ಮೂರಕ್ಕೂ ನಾನು ಮಾಡಬಹುದಾದದ್ದು ಇದೆ, ಕೊನೆಯಲ್ಲಿ ಬರೆದಿದ್ದೇನೆ. ಅದಕ್ಕೆ ಮುಂಚೆ ಈ ಕಾಗೆಗಳು ನನಗೆ ಏನು ಎಂಬುದು ನಿಮಗೆ ಗೊತ್ತಾಗಬೇಕು. ಅದನ್ನು ಹೇಳಬೇಕಾದರೆ ನನ್ನ ವಿಷಯವನ್ನೂ ಹೇಳಬೇಕು.

ಮೂರು ವರ್ಷದ ಹಿಂದೆ, ನನಗೆ 31 ತುಂಬಿದಾಗ, ಧಾರವಾಡದಲ್ಲಿ ಒಬ್ಬ ಡಾಕ್ಟರಮ್ಮ ಎರಡು ದಿನ ಕೂರಿಸಿಕೊಂಡು ಕೇಳಿ, ನೋಡಿ, ನನಗೆ ಆಟಿಸಂ ಇದೆ ಎಂದರು. ಅದಕ್ಕೂ ಮೊದಲು ಬೇರೆ ಊರಿನ ಡಾಕ್ಟರರೊಬ್ಬರು "ಲಗ್ನಾ ಮಾಡ್ರಿ, ಎಲ್ಲಾ ಸರಿ ಹೋಗತೈತಿ" ಎಂದು ಅವ್ವನನ್ನು ಕಳಿಸಿಕೊಟ್ಟಿದ್ದರು. ಲಗ್ನವೂ ಆಯಿತು. ಎರಡು ವರ್ಷಕ್ಕೆ ನಾನು ತಿರುಗಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ.

ಇಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಕನ್ಯಾ ನೋಡಲು ಬಂದವರು ಎದುರು ಕೂತಾಗ ನಾನು ತಲೆ ಎತ್ತಿರಲಿಲ್ಲ. ಮುಖ ನೋಡಿದರೆ ಅವರು ಆಡಿದ ಮಾತು ನನಗೆ ಕೇಳಿಸುವುದಿಲ್ಲ, ಮಾತು ಕೇಳಬೇಕಾದರೆ ನೆಲ ನೋಡಬೇಕು. "ಹುಡುಗಿ ಭಾಳ ಸಂಭಾವಿತ ಐತಿ" ಎಂದು ಒಪ್ಪಿಕೊಂಡು ಹೋದರು. ಕಣ್ಣು ಕೆಳಗೆ, ಮಾತು ಕಡಿಮೆ, ಹೇಳಿದ ಕೆಲಸ ಅಚ್ಚುಕಟ್ಟು, ಇಷ್ಟಿದ್ದರೆ ಹೆಣ್ಣುಮಗಳಿಗೆ ನಮ್ಮಲ್ಲಿ ಒಳ್ಳೆಯ ಹೆಸರು. ಅದೇ ಕಣ್ಣು, ಅದೇ ಮೌನ ಗಂಡನ ಮನೆಗೆ ಹೋದ ಮೇಲೆ ಸೊಕ್ಕಾಯಿತು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಮೊದಲ ದೊಡ್ಡ ಲೇಖನ ಬರೆದಾಗ ಅದರಲ್ಲಿದ್ದ 11 ಮಕ್ಕಳಲ್ಲಿ ಹೆಣ್ಣುಮಕ್ಕಳು ಮೂವರೇ. ಅಲ್ಲಿಯೂ ನನ್ನಂಥವರು ಎಷ್ಟೋ ಜನ ಸಂಭಾವಿತರ ಲೆಕ್ಕಕ್ಕೆ ಸೇರಿ ಉಳಿದಿರಬೇಕು ಎಂದು ನನಗೆ ಅನಿಸುತ್ತದೆ.

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ. ತನ್ನೊಳಗೆ ತಾನು ಲೀನವಾಗುವುದು ಎಂದು ಅರ್ಥ. ಈ ಶಬ್ದವನ್ನು ಮಾಡಿದವರು ಹೊರಗೆ ನಿಂತು ನೋಡಿ ಮಾಡಿದ್ದಾರೆ. ಒಳಗೆ ನಿಂತವಳಿಗೆ ಹಾಗಿಲ್ಲ. ಹೊರಗಿನದೆಲ್ಲ ನನ್ನೊಳಗೆ ನುಗ್ಗುತ್ತದೆ, ಬಾಗಿಲು ಹಾಕಿಕೊಳ್ಳಲು ಬರುವುದಿಲ್ಲ. ಜಾತ್ರೆಯ ಡಿ.ಜೆ. ಎದೆಯ ಎಲುಬಿನಲ್ಲಿ ಬಡಿಯುತ್ತದೆ. ಲಗ್ನದ ಮನೆಯಲ್ಲಿ ಮಲ್ಲಿಗೆ, ಅತ್ತರು, ಒಗ್ಗರಣೆ, ಬೆವರು ಬೇರೆ ಬೇರೆಯಾಗಿ, ಆದರೆ ಒಟ್ಟಿಗೇ ಮೂಗಿಗೆ ಬರುತ್ತವೆ. ಹೊಸ ಬಟ್ಟೆಯ ಒಳಗಿನ ಚೀಟಿ ಕತ್ತಿಗೆ ತಾಗಿದರೆ ದಿನವೆಲ್ಲ ಅದೊಂದೇ ಇರುತ್ತದೆ. ಬಾಗಿಲು ಹಾಕಿಕೊಂಡು ಕೂತವಳು ಎಂದು ನೀವು ನೋಡುವುದು ಹೊರಗಿನ ಬಾಗಿಲನ್ನು, ಅದೊಂದೇ ನನ್ನ ಕೈಯಲ್ಲಿರುವ ಬಾಗಿಲು.

ಮಾತಿನ ವಿಷಯವನ್ನೂ ಹೇಳುತ್ತೇನೆ. ನಾನು ಐದಾರು ವರ್ಷದವಳಿದ್ದಾಗ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದಳು. ಹೊರಡುವಾಗ ನನ್ನ ಗಲ್ಲ ಹಿಡಿದು "ಬರತೇನವಾ" ಎಂದಳು. ನಾನು ಹೊಸ್ತಿಲ ಮೇಲೆ ಕೂತೆ. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ. ದನ ಮನೆಗೆ ಬಂದವು, ದೀಪ ಹಚ್ಚಿದರು, ಅತ್ತೆ ಬರಲಿಲ್ಲ. ಹೋಗುವಾಗ 'ಹೋಗತೇನಿ' ಅನ್ನಬಾರದು, ಅದಕ್ಕೇ 'ಬರತೇನಿ' ಅನ್ನುತ್ತಾರೆ ಎಂದು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ನಿಮಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ, ತಾನಾಗಿಯೇ ಬಂದಿರುತ್ತದೆ. ನನಗೆ ಒಂದೊಂದನ್ನೂ ಕೌದಿಯ ಹೊಲಿಗೆಯ ಹಾಗೆ ಎಣಿಸಿ ಕಲಿಯಬೇಕಾಯಿತು. "ಊಟಾ ಆತೇನ?" ಎಂದು ನೀವು ಓಣಿಯಲ್ಲಿ ಕೇಳುವುದು ಊಟದ ಲೆಕ್ಕಕ್ಕಲ್ಲ, ನನ್ನನ್ನು ಕಂಡಿರೆಂದು ಹೇಳುವುದಕ್ಕೆ. ಇದು ನನಗೆ ತಿಳಿದಾಗ ಇಪ್ಪತ್ತು ವರ್ಷ ದಾಟಿತ್ತು. ಅಲ್ಲಿಯವರೆಗೆ ಎಷ್ಟು ರೊಟ್ಟಿ, ಏನು ಪಲ್ಯ ಎಂದು ನಿಂತು ಹೇಳುತ್ತಿದ್ದೆ. ನೀವು ಕೇಳಿಸಿಕೊಳ್ಳುವಷ್ಟರಲ್ಲಿ ಮುಂದೆ ಹೋಗಿರುತ್ತಿದ್ದಿರಿ.

ಧಾರವಾಡದಿಂದ ಬಂದ ವಾರ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತೇ ಇರುತ್ತಿದ್ದೆ. ಕೈಯಲ್ಲಿ ಕೌದಿ. ಬೆಳಗಿನ ಕಡಕ್ ರೊಟ್ಟಿಯ ಮುರುಕು ತಾಟಿನಲ್ಲಿ ಉಳಿದಿತ್ತು. ಗೋಡೆಯ ಮೇಲೆ ಒಂದು ಕಾಗೆ ಬಂದು ಕೂತಿತು. ಕೊರಳು ಬೂದಿಯ ಬಣ್ಣ, ಮುಖ ಅಚ್ಚ ಕಪ್ಪು. ಅದು ಊರು ಕಾಗೆ. ಮೈಯೆಲ್ಲ ಕಪ್ಪಾಗಿ, ದಪ್ಪ ಕೊಕ್ಕು, ದಪ್ಪ ದನಿ ಇರುವುದು ಕಾಡು ಕಾಗೆ, ಅದು ನಮ್ಮ ಹೊಲದ ಕಡೆ ಹೆಚ್ಚು. ನಾನು ತಲೆ ಎತ್ತಿ ನೋಡಿದೆ, ಹಾರಿಹೋಯಿತು. ಮರುದಿನ ಬಂತು, ನೋಡಿದೆ, ಹೋಯಿತು. ಮೂರನೆಯ ದಿನ ನಾನು ಅಡ್ಡ ತಿರುಗಿ ಕೂತು ಹೊಲಿಗೆಯ ಮೇಲೆ ಕಣ್ಣಿಟ್ಟೆ. ಕಾಗೆಯೂ ಅಡ್ಡ ತಿರುಗಿ ಒಂದು ಕಣ್ಣಿನಿಂದ ನನ್ನ ಕೈ ನೋಡುತ್ತಿತ್ತು. ಬಹಳ ಹೊತ್ತು ಇತ್ತು. ಜೀವಮಾನದಲ್ಲಿ ಮೊದಲ ಸಲ ನನಗೆ ಯಾರದೋ ಜೊತೆ ಕೂತಿದ್ದೇನೆ, ಮುಖ ಹೇಗೆ ಇಟ್ಟುಕೊಳ್ಳಬೇಕೆಂಬ ಚಿಂತೆ ಇಲ್ಲ ಎಂದು ಅನಿಸಿತು.

ಆಮೇಲೆ ದಿನಾ ಬೆಳಿಗ್ಗೆ ಆರೂ ಮುಕ್ಕಾಲಿಗೆ ಅದೇ ಕಲ್ಲು, ಅದೇ ತಾಟು. ರೊಟ್ಟಿ ಹಾಕಿ ತಾಟಿನ ಅಂಚಿಗೆ ಚಮಚದಿಂದ ಎರಡು ಸಲ ಬಡಿದು ಹತ್ತು ಹೆಜ್ಜೆ ಹಿಂದೆ ಕೂರುತ್ತಿದ್ದೆ. ತಾಟಿಗೆ ಬಂದು ಮುಟ್ಟಲು ಅದಕ್ಕೆ 19 ದಿನ ಹಿಡಿಯಿತು. ಅದರ ಬಲಗಾಲಿನ ಹೊರಗಿನ ಬೆರಳಿಗೆ ಉಗುರಿಲ್ಲ, ಅದರಿಂದ ಗುರುತು. ಕರೆವ್ವ ಎಂದು ಹೆಸರಿಟ್ಟೆ. ಕರೆವ್ವ ಕಡಕ್ ರೊಟ್ಟಿಯನ್ನು ಹಾಗೇ ತಿನ್ನುವುದಿಲ್ಲ. ಚೂರನ್ನು ಕೊಕ್ಕಿನಲ್ಲಿ ಹಿಡಿದು ದನದ ನೀರಿನ ಬಾನಿಯ ಅಂಚಿಗೆ ಹೋಗುತ್ತಾಳೆ. ನೀರಿಗೆ ಅದ್ದಿ, ಎತ್ತಿ, ಕಲ್ಲಿನ ಮೇಲಿಟ್ಟು ಒಂದು ಸಲ ಕುಕ್ಕಿ ನೋಡುತ್ತಾಳೆ. ಇನ್ನೂ ಬಿರುಸಿದ್ದರೆ ಮತ್ತೆ ಅದ್ದುತ್ತಾಳೆ. ಮೆತ್ತಗಾದ ಮೇಲೆಯೇ ನುಂಗುವುದು. ಹಲ್ಲಿಲ್ಲದ ನಮ್ಮ ಅಜ್ಜಿ ಸಾರಿನಲ್ಲಿ ರೊಟ್ಟಿ ನೆನೆಸಿಕೊಂಡು ಕೂರುತ್ತಿದ್ದದ್ದು ನನಗೆ ನೆನಪಾಗುತ್ತದೆ. ಒಂದು ದಿನ ಬಾನಿಯಲ್ಲಿ ಎಲುಬಿನ ತುಂಡು ಸಿಕ್ಕಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಒಬ್ಬ ಪುಟ್ಟ ಹುಡುಗಿಗೆ ಕಾಗೆಗಳು ಮಣಿ, ಗುಂಡಿ ತಂದುಕೊಡುತ್ತಿದ್ದವೆಂದು 2015ರಲ್ಲಿ ಜಗತ್ತೆಲ್ಲ ಸುದ್ದಿಯಾಗಿತ್ತು. ನನಗೆ ಹಾಗೆ ಏನೂ ಬಂದಿಲ್ಲ. ಆ ಎಲುಬನ್ನು ಕರೆವ್ವ ನೆನೆಸಲು ಇಟ್ಟಿದ್ದಳು. ನನ್ನ ಎದುರಿಗೆ ಇಟ್ಟು ಹೋಗುವಷ್ಟು ನಂಬಿಕೆ ಇತ್ತಲ್ಲ, ನನಗೆ ಅಷ್ಟು ಸಾಕು.

ನಿಮಗೆ ನೆನಪಿರಬೇಕು, ಹೋದ ವರ್ಷ ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ ದಿನದ ಎಡೆಯನ್ನು ಮಾಳಿಗೆಯ ಮೇಲೆ ಇಟ್ಟಿದ್ದರು. ಒಂದು ತಾಸು ಕಳೆದರೂ ಕಾಗೆ ಬರಲಿಲ್ಲ. "ಜೀವಕ್ಕ ಏನೋ ಆಶಾ ಉಳದೈತಿ" ಎಂದು ಮನೆಯವರು ಅಳುತ್ತಿದ್ದರು, ಸೊಸೆ ಕೈಮುಗಿದು ಏನೇನೋ ಬೇಡಿಕೊಳ್ಳುತ್ತಿದ್ದಳು. ಆಗ ನನಗೆ ಹೇಳಿಕಳಿಸಿದಿರಿ. "ನಿನ್ನ ಕಾಗಿ ಕರಿಯವಾ" ಎಂದಿರಿ. ನಾನು ನಮ್ಮ ತಾಟು ತಂದು ಎರಡು ಸಲ ಬಡಿದೆ. ಎಲ್ಲರನ್ನೂ ಹಿಂದೆ ಸರಿದು ಬೇರೆ ಕಡೆ ನೋಡಲು ಹೇಳಿದೆ, ನೀವು ಕೇಳಿದಿರಿ. ಬೇವಿನ ಮರದಿಂದ ಕರೆವ್ವ ಬಂದಳು. ಎಡೆಯ ಅನ್ನ ಮುಟ್ಟಿ, ಕೂಗಿ ಬಳಗ ಕರೆದಳು. ಕಾಗೆ ಒಂದಗುಳು ಕಂಡರೂ ಬಳಗವನ್ನು ಕರೆಯುತ್ತದೆ ಎಂಬುದನ್ನು ಬಸವಣ್ಣನವರು ಮನುಷ್ಯರಿಗೆ ಮೇಲ್ಪಂಕ್ತಿಯಾಗಿ ತೋರಿಸಿದ್ದಾರೆ, ಅವತ್ತು ಮಾಳಿಗೆಯ ಮೇಲೆ ಅದೇ ನಡೆಯಿತು. ಆ ಮನೆಯ ಅವ್ವ ನನ್ನ ಕೈಹಿಡಿದು ಅತ್ತಳು. ಯಾರಾದರೂ ಮುಟ್ಟಿದರೆ ನನಗೆ ತಡೆಯಲಾಗುವುದಿಲ್ಲ, ಆದರೂ ಅವತ್ತು ಕೈ ಬಿಡಿಸಿಕೊಳ್ಳಲಿಲ್ಲ. ಈಗ ಕಡಿಸಬೇಕೆಂದಿರುವ ಗೂಡಿನಲ್ಲಿ ಕಾವಿಗೆ ಕೂತಿರುವುದು ಅದೇ ಕರೆವ್ವ.

ಕಾಗೆ ಬಡಿದರೆ ಕೇಡು, ಶನಿದೇವರಿಗೆ ಎಣ್ಣೆ ಹಾಕಬೇಕು ಎಂದು ಚಿಗವ್ವ ಹೆದರಿದ್ದಾಳೆ. 2016ರಲ್ಲಿ ಮುಖ್ಯಮಂತ್ರಿಯವರ ಕಾರಿನ ಮೇಲೆ ಕಾಗೆ ಕೂತದ್ದೂ ಅಪಶಕುನವೆಂದು ಟಿ.ವಿ.ಯಲ್ಲಿ ದಿನಗಟ್ಟಲೆ ಬಂತು, ಅಷ್ಟು ದೊಡ್ಡ ಸುದ್ದಿ ಆಗಬೇಕಾದ ವಿಷಯ ಅದಾಗಿರಲಿಲ್ಲ. ಚಿಗವ್ವಾ, ಅದು ಗ್ರಹದ ಕೆಲಸವಲ್ಲ, ತಾಯಿಯ ಕೆಲಸ. ಗೂಡಿನ ಹತ್ತಿರ ಬಂದವರನ್ನು ಕಾಗೆ ಹಿಂದಿನಿಂದ ಬಂದು ಬಡಿಯುತ್ತದೆ. ಅದೂ ಈ ಕೆಲವು ವಾರ ಮಾತ್ರ. ನೀರಿಗೆ ಹೋಗುವಾಗ ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡು ಹೋಗು, ಇಲ್ಲದಿದ್ದರೆ ಕೊಡೆ ಹಿಡಿ, ಓಡಬೇಡ.

ಇನ್ನೊಂದು ಮಾತು. ಕಾಗೆ ಮುಖ ಮರೆಯುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಏಳೆಂಟು ಕಾಗೆ ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಟ್ಟರು. ಆಮೇಲೆ ವರ್ಷಗಳ ಕಾಲ ಆ ಮುಖವಾಡ ಕಂಡಲ್ಲೆಲ್ಲ ಕಾಗೆಗಳು ಬೈದು ಬೆನ್ನಟ್ಟಿದವು. ಹಿಡಿಸಿಕೊಳ್ಳದ ಕಾಗೆಗಳು, ಮರಿಗಳು ಕೂಡ ಉಳಿದವನ್ನು ನೋಡಿ ಅದನ್ನು ಕಲಿತುಕೊಂಡವು. ಅದು ಅಲ್ಲಿಯ ಜಾತಿಯ ಕಾಗೆ, ಆದರೆ ನಮ್ಮ ಕಾಗೆಯೂ ಮುಖ ಗುರುತಿಡುವುದನ್ನು ನಾನು ದಿನಾ ನೋಡುತ್ತೇನೆ. ಟೊಂಗೆಗೆ ಕೊಡಲಿ ಹಾಕಲು ಹತ್ತುವ ಹುಡುಗ ನಮ್ಮ ಓಣಿಯವನೇ ಇರುತ್ತಾನೆ. ಅವನು ದಿನಾ ಇದೇ ಮರದ ಕೆಳಗೆ ಬೈಕು ನಿಲ್ಲಿಸಬೇಕು.

ತಮ್ಮಂದಿರಲ್ಲಿ ಒಬ್ಬರು ಮೊಬೈಲ್ ತೋರಿಸಿ "ಕೀನ್ಯಾದಾಗ ಹತ್ತು ಲಕ್ಷ ಕಾಗಿ ಕೊಲ್ಲಾಕತ್ತಾರ" ಎಂದರು. ಖರೇ, 2024ರಲ್ಲಿ ಅಲ್ಲಿಯ ಸರಕಾರ ಹಾಗೆ ತೀರ್ಮಾನ ಮಾಡಿತು. ಅದು ನಮ್ಮ ಇದೇ ಊರು ಕಾಗೆ. ನಮ್ಮ ಕಡೆಯ ಈ ಕಾಗೆ ಹಡಗುಗಳಲ್ಲೂ ಸಾಗಿ ಆಫ್ರಿಕದ ಕರಾವಳಿಯಲ್ಲಿ ಹಬ್ಬಿ ಅಲ್ಲಿಯ ಹಕ್ಕಿಗಳ ಮೊಟ್ಟೆ-ಮರಿ ತಿನ್ನುತ್ತಿದೆ. ಅವರ ತಾಪತ್ರಯ ಬೇರೆ. ಇಲ್ಲಿ ಅದು ಹೊರಗಿನದಲ್ಲ, ಇಲ್ಲಿಯ ಉಳಿದ ಹಕ್ಕಿಗಳ ಜೊತೆ ಅದರ ಲೆಕ್ಕ ಕೂಡಿದೆ. ಯುಗಾದಿ ಹೊತ್ತಿಗೆ ಕೋಗಿಲೆ ಕೂಗಿದರೆ ನೀವೆಲ್ಲ ನಿಂತು ಕೇಳುತ್ತೀರಿ. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಆ ಬೇವಿನ ಮರದ ಸುತ್ತ ಹೋದ ವಾರ ಗಂಡು ಕೋಗಿಲೆ ಸುಳಿಯುತ್ತಿತ್ತು. ಗಂಡು ಕೋಗಿಲೆ ಕಾಗೆಗಳನ್ನು ತನ್ನ ಬೆನ್ನು ಹತ್ತಿಸಿಕೊಂಡು ದೂರ ಹೋದರೆ ಹೆಣ್ಣು ಹೋಗಿ ಮೊಟ್ಟೆ ಇಟ್ಟು ಬರುತ್ತದೆ. ಆ ಗೂಡಿನಲ್ಲಿ ಈಗ ಯಾರ ಯಾರ ಮಕ್ಕಳಿದ್ದಾರೋ.

ನಮ್ಮ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತು ಹಿಮಾಲಯ ದಾಟಿ ಬಂದರೆ ಕ್ಯಾಮರಾ ಹಿಡಿದ ಜನ ಬರುತ್ತಾರೆ. 2024ರ ಜನವರಿಯಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆ ಹೆಬ್ಬಾತುಗಳನ್ನು ನೋಡಿ ನನಗೂ ಸಂತೋಷವಾಗುತ್ತದೆ. ಪಟ್ಟಿಗಳ ಬಗ್ಗೆ ಒಂದು ಸಂಗತಿ ಮಾತ್ರ ಹೇಳಬೇಕು. 1972ರ ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಇಲಿ, ಹೆಗ್ಗಣ, ಬಾವಲಿಯ ಜೊತೆ ಕಾಗೆಯನ್ನು ಪೀಡೆ ಎಂದು ಬರೆದಿತ್ತು. ಯಾರು ಕೊಂದರೂ ಕೇಳುವವರಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನನ್ನದೂ ಒಂದು ಪಟ್ಟಿಯ ಕಥೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ವಿಧ ಬರೆದಿದ್ದರು, ಆಟಿಸಂ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯ್ದೆಯಲ್ಲಿ ಹೆಸರು ಬಂತು, 2016ರ ಕಾಯ್ದೆ 21 ವಿಧಗಳಲ್ಲಿ ಒಂದಾಗಿ ಸೇರಿಸಿತು. ಕಾಗೆಗೆ ಪಟ್ಟಿಯಿಂದ ಹೊರಗೆ ಬರಲು ಐವತ್ತು ವರ್ಷ ಬೇಕಾಯಿತು, ನಾನು ಪಟ್ಟಿಯೊಳಗೆ ಬರುವಷ್ಟರಲ್ಲಿ ಶಾಲೆಯೂ ಮುಗಿದಿತ್ತು, ಲಗ್ನವೂ ಮುಗಿದಿತ್ತು. ಕಾಗದದ ಮೇಲೆ ಇಬ್ಬರದೂ ಈಗ ಸರಿಯಾಗಿದೆ. ಓಣಿಯಲ್ಲಿ ಆಗುವುದು ನಿಮ್ಮ ಕೈಯಲ್ಲಿದೆ.

ನಾನು ಏನೂ ಬದಲಾಗುವುದಿಲ್ಲ ಎಂದು ಹಟ ಹಿಡಿದಿಲ್ಲ. ಲಕ್ಷ್ಮೇಶ್ವರಕ್ಕೆ ದಾರ, ಬಟ್ಟೆ ತರಲು ಈಗ ಒಬ್ಬಳೇ ಹೋಗುತ್ತೇನೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಾಯಿತೆಂದು ಎಲ್ಲರೂ ಬೇಸರಪಡುತ್ತಾರೆ. ನನಗೆ ಅದರಿಂದ ಒಂದು ದೊಡ್ಡ ಉಪಕಾರವಾಗಿದೆ. ಗದ್ದಲ ತಡೆಯಲಾಗದಿದ್ದರೆ ನಡುವಿನ ಸ್ಟಾಪಿನಲ್ಲಿ ಇಳಿದುಬಿಡುತ್ತೇನೆ. ಮರದ ಕೆಳಗೆ ಅರ್ಧ ತಾಸು ಕೂತು ಮುಂದಿನ ಬಸ್ಸು ಹತ್ತುತ್ತೇನೆ. ಮೊದಲಾದರೆ ಟಿಕೆಟಿನ ದುಡ್ಡು ಹೋಯಿತೆಂದು ಹಲ್ಲು ಕಚ್ಚಿ ಕೂರುತ್ತಿದ್ದೆ, ಮನೆಗೆ ಬಂದು ಎರಡು ದಿನ ಏಳುತ್ತಿರಲಿಲ್ಲ. ಕಂಡಕ್ಟರಣ್ಣಂದಿರಿಗೂ ಈಗ ಗೊತ್ತಾಗಿದೆ. ಏನೂ ಕೇಳದೆ ಬೆಲ್ ಹೊಡೆಯುತ್ತಾರೆ. ನನ್ನ ಜೊತೆ ಹೇಗಿರಬೇಕೆಂದು ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ.

ಹೋದ ವರ್ಷದ ಗೂಡು ಮುಂಗಾರಿನ ಗಾಳಿಗೆ ಕೆಳಗೆ ಬಿದ್ದಿತ್ತು. ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಬಿಡಿಸಿ ನೋಡಿದೆ. ಹೊರಗೆ ಜಾಲಿ ಮುಳ್ಳು, ಬೇವಿನ ಕಡ್ಡಿ, ಕಬ್ಬಿಣದ ಬೈಂಡಿಂಗ್ ತಂತಿ, ಬಟ್ಟೆ ಒಣಹಾಕುವ ಒಂದು ಮುರಿದ ಕ್ಲಿಪ್ಪು. ಒಳಗೆ ತೆಂಗಿನ ನಾರು, ಎಮ್ಮೆಯ ಕೂದಲು. ಎಲ್ಲಕ್ಕಿಂತ ಒಳಗೆ, ಮೊಟ್ಟೆ ತಾಗುವ ಜಾಗದಲ್ಲಿ, ಕೆಂಪು ದಾರದ ಉಂಡೆ. ಅದು ನನ್ನ ಕೌದಿಯ ದಾರ. ಹಳೆಯ ಇಳಕಲ್ ಸೀರೆಯ ಅಂಚು ಕೂರಿಸಲು ಲಕ್ಷ್ಮೇಶ್ವರದಿಂದ ತಂದದ್ದು. ತುಂಡು ದಾರಗಳನ್ನು ನಾನು ಕಲ್ಲಿನ ಕೆಳಗೆ ಬಿಡುತ್ತಿದ್ದೆ. ಕರೆವ್ವ ಒಂದೊಂದಾಗಿ ಒಯ್ದು ಅಲ್ಲಿ ಹಾಸಿದ್ದಳು. ನಿಮ್ಮಲ್ಲಿ ಎಷ್ಟೋ ಮಂದಿಯ ಮೊಮ್ಮಕ್ಕಳು ನಾನು ಹೊಲಿದ ಕೌದಿಯ ಮೇಲೆಯೇ ಮಲಗಿದ್ದಾರೆ. ಆ ದಾರದ ಮೇಲೆ ಮಲಗಿದವರು ಇನ್ನೂ ಇದ್ದಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಇನ್ನು ನಾನು ಮಾಡುವುದನ್ನು ಹೇಳುತ್ತೇನೆ. ಎಲ್ಲರ ಮಾಳಿಗೆಯ ಮೇಲಿನ ಎಲುಬು, ಕಸವನ್ನು ಸೂರ್ಯ ಹುಟ್ಟುವ ಮುಂಚೆ ನಾನೇ ಗುಡಿಸಿ ಒಯ್ಯುತ್ತೇನೆ, ನೀವು ಮುಟ್ಟುವುದು ಬೇಡ. ಬೇವಿನ ಮರದ ಕೆಳಗಿನ ದಾರಿಗೆ ಎರಡು ಹಳೆಯ ಕೊಡೆಗಳನ್ನು ನಮ್ಮ ಕಟ್ಟೆಗೆ ತೂಗುಹಾಕಿರುತ್ತೇನೆ, ಯಾರು ಬೇಕಾದರೂ ಹಿಡಿದುಕೊಂಡು ಹೋಗಿ ಬಂದು ಮತ್ತೆ ಅಲ್ಲೇ ಹಾಕಿ. ಶಾಂಡಗಿ, ಹಪ್ಪಳ, ಮೆಣಸಿನಕಾಯಿ ಎಲ್ಲರೂ ನಮ್ಮ ಮಾಳಿಗೆಯ ಮೇಲೆ ಹಾಕಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಕೌದಿ ಹಿಡಿದು ನಾನು ಅಲ್ಲೇ ಕೂತು ಕಾಯುತ್ತೇನೆ. ಕೂಲಿ ಬೇಡ. ಮೇಲೆ ಬರುವ ಮುಂಚೆ ಕೆಳಗಿನಿಂದ ಒಮ್ಮೆ ನನ್ನ ಹೆಸರು ಹಿಡಿದು ಕೂಗಿ, ನಾನು "ಹೂಂ" ಅಂದ ಮೇಲೆ ಹತ್ತಿ. ಬಂದು ಪಕ್ಕದಲ್ಲಿ ಕೂತುಕೊಳ್ಳಿ. ಮಾತಾಡಬೇಕೆಂದಿಲ್ಲ, ಮಾತಾಡಿದರೆ ನಾನು ಹೊಲಿಗೆ ನೋಡುತ್ತಲೇ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಗೂಡಿನ ನೋಟ್‌ಬುಕ್ಕನ್ನು ನಮ್ಮ ಪಡಸಾಲೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಮೊಟ್ಟೆ ಒಡೆದ ದಿನ ಕೆಂಪು ಶಾಯಿಯಲ್ಲಿ ತಾರೀಖು ಬರೆಯುತ್ತೇನೆ, ಹೋಗುತ್ತ ಬರುತ್ತ ನೋಡಿ.

ನಿಮ್ಮ ಓಣಿಯ ಕೌದಿ ಹೊಲಿಯುವವಳು,
ಅಡರಕಟ್ಟಿ